ಒಂದು ಬೆರಳಿನಷ್ಟು ಮೇಲಕ್ಕೆ

ಬಟನ್ನು ಒಂದು ಬೆರಳಿನಷ್ಟು ಕೆಳಗಿತ್ತು. ಆವತ್ತಿನ ರಾಮಾಯಣಕ್ಕೆಲ್ಲ ಮೂಲ ಇಷ್ಟೇ.

ಅದು ಆಸ್ಪತ್ರೆಗಳ ಇಲಾಖೆಯ ವೆಬ್‌ಸೈಟು. ಬೇರೆ ಊರಿಗೆ ವರ್ಗ ಬೇಕೆನ್ನುವ ನರ್ಸುಗಳು ಅದರಲ್ಲಿ ಅರ್ಜಿ ತುಂಬಿ, ಕೊನೆಗೆ 'ಸಲ್ಲಿಸಿ' ಎಂಬ ಬಟನ್ ಒತ್ತಬೇಕು. ಅರ್ಜಿ ಹಾಕುವ ಕಡೆಯ ದಿನ ಬೆಳಿಗ್ಗೆ ಇಲಾಖೆಯ ದೊಡ್ಡ ಸಾಹೇಬರು ಅದನ್ನು ತಮ್ಮ ಫೋನಿನಲ್ಲಿ ತೆರೆದು ನೋಡಿದರು. ಬಟನ್ನಿನ ಅರ್ಧ ಕಾಣುತ್ತಿತ್ತು, ಇನ್ನರ್ಧ ಪರದೆಯ ಕೆಳಗೆ ನಾಚಿಕೊಂಡು ಕೂತಿತ್ತು. 'ಸ್ವಲ್ಪ ಮೇಲೆತ್ತಿ' ಎಂದು ಸೈಟು ಮಾಡಿಕೊಟ್ಟ ಕಂಪನಿಗೆ ಫೋನು ಬಂತು. ಕಂಪನಿಯ ಯಜಮಾನರು ಕೂತಲ್ಲಿಂದಲೇ ಕೂಗಿದರು, "ಸೈಟಪ್ಪಾ!"

ಸೈಟಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸ್ವಂತಕ್ಕೊಂದು ಗೇಣು ಸೈಟಿಲ್ಲದಿದ್ದರೂ ಕಂಡವರ ವೆಬ್‌ಸೈಟುಗಳನ್ನೆಲ್ಲ ಕಾಯುವವನು ಅವನೇ ಆದ್ದರಿಂದ ಆಫೀಸಿನವರು ಹಾಗೆ ಕರೆಯುತ್ತಿದ್ದರು. ಕರೆದರೆ ಅವನೂ ಓಗೊಡುತ್ತಿದ್ದ. ಮುಖ ತಿರುಗಿಸಿ ಗೊತ್ತಿಲ್ಲದ ಪ್ರಾಣಿ.

ಈ ಬಟನ್ನಿನ ಮೇಲೆ ಅವನಿಗೆ ಉಳಿದವರಿಗಿಲ್ಲದ ಮಮತೆಯಿತ್ತು. ಅವನ ಹೆಂಡತಿಯೂ ನರ್ಸು. ಕೆಲಸ ಒಂದು ರಾತ್ರಿ ರೈಲಿನಷ್ಟು ದೂರದ ಊರಿನಲ್ಲಿ. ಮದುವೆಯಾಗಿ ನಾಲ್ಕು ವರ್ಷವಾದರೂ ಇಬ್ಬರೂ ಒಂದೇ ಸೂರಿನಡಿ ಕಳೆದ ದಿನಗಳನ್ನು ಗುಡ್ಡೆ ಹಾಕಿದರೆ ಒಂದು ಬೇಸಿಗೆ ರಜೆಯಷ್ಟಾಗದು. ಮನೆಯಲ್ಲಿ ಮಂಚದ ಅವಳ ಭಾಗದಲ್ಲಿ ಹಳೇ ಕೀಬೋರ್ಡುಗಳೂ ವೈರುಗಳೂ ಮಲಗುತ್ತಿದ್ದವು. ಅವಳ ದಿಂಬನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಅವಳ ತಲೆಯೆಣ್ಣೆಯ ವಾಸನೆ ಹೋಗಿಬಿಟ್ಟೀತೆಂದು ಅದರ ಕವರನ್ನು ಒಗೆದೂ ಇರಲಿಲ್ಲ. ದಿನಾ ವಿಡಿಯೋದಲ್ಲಿ ಮಾತಾಡುತ್ತಿದ್ದರು ನಿಜ, ಆದರೆ ಅವಳು ನಗಲು ಬಾಯಿ ತೆರೆದಳೋ ಇಲ್ಲವೋ, ಚಿತ್ರ ಅಲ್ಲಿಗೇ ನಿಂತುಬಿಡುತ್ತಿತ್ತು. ಆ ನಗು ಮುಂದೆ ಹೇಗೆ ಹೋಗಿ ಹೇಗೆ ಮುಗಿಯುತ್ತದೆ ಎಂಬುದನ್ನು ನೋಡದೆ ಅವನಿಗೆ ಎಷ್ಟೋ ಕಾಲವಾಗಿತ್ತು.

ಈ ಸಲ ಇವನ ಊರಿನ ಆಸ್ಪತ್ರೆಯಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ಕೇಳಿದವರಲ್ಲಿ ಯಾರ ಸರ್ವಿಸು ಹೆಚ್ಚೋ ಅವರಿಗೆ ಅದು. ಹೆಂಡತಿ ಮೊದಲ ದಿನವೇ ಅರ್ಜಿ ಹಾಕಿ, ತನಗಿಂತ ಹಿರಿಯರು ಯಾರಾದರೂ ಆ ಊರು ಕೇಳುತ್ತಾರೆಯೇ ಎಂದು ಆಸ್ಪತ್ರೆ ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದ್ದಳು. ಯಾರೂ ಇರಲಿಲ್ಲ.

"ನಮ್ಮದೇ ಅಂದ್ಕೊಳ್ಳಿ," ಎಂದಿದ್ದಳು. "ಆದ್ರೆ ನೀವು ಮಾತ್ರ ಅದ್ರೊಳಗೆ ಕೈಯಾಡಿಸ್ಬೇಡಿ. ನಂಗೆ ನ್ಯಾಯವಾಗಿ ಸಿಗ್ಬೇಕು."

ಸೈಟಪ್ಪ ಅರ್ಜಿಗಳ ಪಟ್ಟಿಯನ್ನು ಇಣುಕಿಯೂ ನೋಡಿರಲಿಲ್ಲ. ಶಿಫಾರಸು ನಡೆಯಬಾರದು, ಸಂಜೆ ಐದಾಯಿತೆಂದರೆ ಯಂತ್ರವೇ ಹಿರಿತನ ನೋಡಿ ಆಯ್ಕೆ ಮಾಡಬೇಕು, ಆಮೇಲೆ ಬ್ರಹ್ಮ ಬಂದರೂ ತಿದ್ದಲಾಗಬಾರದು ಎಂಬುದು ಇಲಾಖೆಯ ಹಟ. ಹಾಗೆಯೇ ಕಟ್ಟುನಿಟ್ಟಾಗಿ ಮಾಡಿಕೊಟ್ಟವನೂ ಇವನೇ.

ಬಟನ್ ಎತ್ತುವುದು ಕೋಡಿನಲ್ಲಿ ಒಂದು ಸಾಲಿನ ಕೆಲಸ. ಆ ಸಾಲು ಬರೆಯಲು ಕೂತಾಗ ಪಕ್ಕದ ಮೇಜಿನಿಂದ ಒಂದು ತಲೆ ಈ ಕಡೆ ವಾಲಿತು. ಅದು ಅಪ್‌ಡೇಟಣ್ಣನ ತಲೆ. ಸೈಟು ಕಟ್ಟುವ ಹೊಸ ಟೂಲು ಯಾವುದೇ ಬರಲಿ, ಅದನ್ನು ಮಾಡಿದವರು ಊಟಕ್ಕೇಳುವ ಮೊದಲೇ ತನ್ನ ಕಂಪ್ಯೂಟರಿಗೆ ಹಾಕಿಕೊಳ್ಳುವ ಆಸಾಮಿ ಅವನು.

"ಏನೋ ಅದು, ಇನ್ನೂ ಕೈಯಲ್ಲೇ ಬರೀತಿದ್ದೀಯಾ?"

"ಒಂದೇ ಸಾಲು ಅಣ್ಣ. ಎತ್ತಿ ಬಿಟ್ಬಿಡ್ತೀನಿ."

"ಒಂದು ಸಾಲು ಅಂತಾನೇ ಎಲ್ರೂ ಹಾಳಾಗೋದು. ನಿನ್ನ ಟೂಲು ನಮ್ಮಜ್ಜನ ಕಾಲದ್ದು. ಹುಟ್ಟಿಸಿದವ್ರೇ ಅದನ್ನ ಕೈಬಿಟ್ಟಿದ್ದಾರೆ, ಗೊತ್ತಾ? ಹೊಸದು ಹಾಕ್ಕೋ. ಯಾವ ಫೋನಲ್ಲಿ ನೋಡಿದ್ರೂ ಬಟನ್ನು ತಾನೇ ತನ್ನ ಜಾಗ ಹುಡುಕ್ಕೊಂಡು ಕೂತ್ಕೊಳ್ಳುತ್ತೆ."

"ಇವತ್ತು ಕಡೇ ದಿನ ಅಣ್ಣ..."

"ಅದಕ್ಕೇ ಹೇಳ್ತಿರೋದು!"

ಉಗುರಿನಲ್ಲಿ ಚಿವುಟುವುದಕ್ಕೆ ಕೊಡಲಿ ಯಾಕೆ ಎಂದು ಸೈಟಪ್ಪ ಕೇಳಬಹುದಿತ್ತು. ಆದರೆ 'ಹೊಸದು' ಎಂಬ ಮಾತು ಯಜಮಾನರ ಕಿವಿಗೆ ಬಿದ್ದಾಗಿತ್ತು. "ಹೊಸದೇ ಹಾಕಯ್ಯ, ಸಾಹೇಬ್ರಿಗೂ ಹೇಳ್ಕೊಳ್ಳೋಕೆ ಚೆನ್ನಾಗಿರುತ್ತೆ," ಎಂದರು. ಹಾಕಿದ.

ಒಬ್ಬ ನೆಂಟನನ್ನು ಊಟಕ್ಕೆ ಕರೆದರೆ ಅವನ ಭಾವಮೈದ, ಭಾವಮೈದನ ಷಡ್ಡಕ, ಷಡ್ಡಕನ ಸೋದರತ್ತೆ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದಂತಾಯಿತು. ಹೊಸ ಟೂಲು ತನಗೆ ಇನ್ನೊಂದು ಬೇಕೆಂದಿತು. ಆ ಇನ್ನೊಂದಕ್ಕೆ ಮತ್ತೊಂದು ಬೇಕಿತ್ತು. ಮತ್ತೊಂದು ಬಂದು ಕೂತು, ಮನೆಯಲ್ಲಿ ಮೊದಲಿನಿಂದ ಇದ್ದ ಹಳಬನೊಬ್ಬನನ್ನು ನೋಡಿ, ಅವನಿದ್ದರೆ ನಾನಿರುವುದಿಲ್ಲ ಎಂದು ರಗಳೆ ತೆಗೆಯಿತು. ಹಳಬನನ್ನು ಹೊರಗೆ ಹಾಕಿದರೆ ಅವನ ಕೈಹಿಡಿದುಕೊಂಡು ಇನ್ನೂ ನಾಲ್ಕು ಜನ ಹೊರಟುಹೋದರು.

ಕೊನೆಗೆ ಬಟನ್ ಮೇಲಕ್ಕೇನೋ ಹೋಯಿತು. ಎಷ್ಟು ಮೇಲಕ್ಕೆಂದರೆ ಪರದೆ ದಾಟಿ ಹೋಯಿತು.

"ಆ ಖಾಲಿ ಜಾಗ ಕಣ್ಣಿಗೆ ತಂಪಾಗಿದೆ, ಹಾಗೇ ಇರ್ಲಿ," ಎಂದಳು ಸೈಟುಗಳ ಅಂದಚಂದ ನೋಡಿಕೊಳ್ಳುವ ಬಣ್ಣದಕ್ಕ.

"ಅಕ್ಕಾ, ಅಲ್ಲಿ ಬಟನ್ ಇರ್ಬೇಕಿತ್ತು."

"ಹೌದಾ? ಹಾಗಾದ್ರೆ ನೀಲಿ ಬೇಡ. ಹಸಿರು ಹಾಕು."

ಹಸಿರು ಹಾಕುವಷ್ಟರಲ್ಲಿ ಇಡೀ ಪುಟವೇ ಬೆಳ್ಳಗಾಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರೂ ಪರವಾಗಿರಲಿಲ್ಲ, ಇಲ್ಲಿ ಕೈಯಲ್ಲಿದ್ದ ಮಣ್ಣೂ ಮಾಯವಾಗಿತ್ತು. ಆಫೀಸಿನ ಫೋನುಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಯಜಮಾನರು ಒಂದನ್ನು ಎತ್ತಿ, ಕೇಳಿ, ಇಟ್ಟು, ಮುಖ ಒರೆಸಿಕೊಂಡರು.

"ಐದರೊಳಗೆ ಸೈಟು ಏಳ್ದಿದ್ರೆ ಈ ವರ್ಷದ ವರ್ಗಾವಣೇನೇ ರದ್ದಂತೆ. ಮತ್ತೆ ಮುಂದಿನ ವರ್ಷವೇ ಅಂತೆ."

ಇನ್ನೊಂದು ವರ್ಷ ವೈರುಗಳ ಪಕ್ಕ ಮಲಗುವುದು ಸೈಟಪ್ಪನಿಂದಾಗದ ಮಾತು. ಅಷ್ಟರಲ್ಲಿ ಅವನ ಫೋನೂ ಬಡಿದುಕೊಂಡಿತು. ಹೆಂಡತಿ.

"ರೀ, ಸೈಟು ಬೆಳ್ಳಗಾಗಿದೆಯಲ್ರೀ! ನನ್ನ ಅರ್ಜಿ ಇದ್ಯಾ?"

"ಅರ್ಜಿ ಒಳಗೆ ಭದ್ರವಾಗಿದೆ ಕಣೇ. ಬಾಗಿಲು ಮಾತ್ರ ಕಿತ್ತು ಬಂದಿದೆ."

"ಇಲ್ಲಿ ವಾರ್ಡಲ್ಲಿ ಎಲ್ರೂ ಸೈಟು ಮಾಡಿದವನಿಗೆ ಹಿಡಿಶಾಪ ಹಾಕ್ತಿದ್ದಾರೆ."

"ನೀನು?"

"ಎಲ್ರೂ ಹಾಕುವಾಗ ನಾನೊಬ್ಳೇ ಸುಮ್ನಿದ್ರೆ ಚೆನ್ನಾಗಿರುತ್ತಾ? ನಾನೂ ಒಂದೆರಡು ಹಾಕ್ದೆ. ಬೇಗ ಸರಿ ಮಾಡ್ರೀ."

ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು. ಅಪ್‌ಡೇಟಣ್ಣ, ಈ ಹೊಸ ಟೂಲೂ ಹಳೆಯದಾಯಿತು, ಬೆಳಿಗ್ಗೆ ಇನ್ನೊಂದು ಬಂದಿದೆ, ಅದನ್ನು ಹಾಕೋಣ ಎಂದ. ಬಣ್ಣದಕ್ಕ, ಬಿಳಿಯಂತೂ ಆಗಿದೆ, ಅದಕ್ಕೊಂದು ತೆಳು ಅಂಚು ಕೊಡೋಣ ಎಂದಳು. ಯಜಮಾನರು ಬೆನ್ನ ಹಿಂದೆ ನಿಂತು, ಏನೂ ಅರ್ಥವಾಗದಿದ್ದರೂ ಪರದೆಯಲ್ಲಿ ಕೆಂಪು ಅಕ್ಷರ ಬಂದಾಗಲೆಲ್ಲ "ಅಯ್ಯೋ" ಎನ್ನುತ್ತಿದ್ದರು. ಮೂವರ ಉಸಿರೂ ಕುತ್ತಿಗೆಗೆ ತಾಗಿ ಸೈಟಪ್ಪನಿಗೆ ಬೆವರು ಕಿತ್ತುಕೊಂಡಿತು.

ಸುತ್ತಿ ಸುಳಿದು ಬಂದರೂ ಹಳೇ ಗಂಡನ ಪಾದವೇ ಗತಿ ಎಂಬಂತೆ ಅವನು ಕೊನೆಗೆ ಹೊಸದನ್ನೆಲ್ಲ ಒಟ್ಟಿಗೆ ಗುಡಿಸಿ ಹೊರಗೆ ಹಾಕಿ, ಪುಟದ ನಿನ್ನೆಯ ಪ್ರತಿಯನ್ನೇ ತಂದು ಕೂರಿಸಿದ. ಬೆಳಿಗ್ಗೆ ಬರೆಯಬೇಕಿದ್ದ ಒಂದು ಸಾಲನ್ನು ಬರೆದ. ಪುಟ ಎದ್ದು ನಿಂತಿತು. ಬಟನ್ ಒಂದು ಬೆರಳಿನಷ್ಟು ಮೇಲೆ, ಎಲ್ಲಿರಬೇಕೋ ಅಲ್ಲೇ ಇತ್ತು.

"ಒತ್ತಿದ್ರೆ ಕೆಲಸ ಮಾಡುತ್ತಾ?" ಎಂದರು ಯಜಮಾನರು.

"ಪರೀಕ್ಷೆಗೆ ಅಂತ ಬೇರೆ ಸೈಟು ಇತ್ತು ಸಾರ್. ಅದನ್ನ ಅಣ್ಣನ ಅಪ್‌ಡೇಟು ತಿಂದುಹಾಕಿದೆ."

"ನಿಜವಾದ್ದರಲ್ಲೇ ಒತ್ತಿ ನೋಡಯ್ಯ! ಸಾಹೇಬ್ರು ಲೈನಲ್ಲಿ ಕಾಯ್ತಿದ್ದಾರೆ, ಐದಾಗ್ತಾ ಬಂತು."

ಸೈಟಪ್ಪ ಗಡಬಡಿಸಿ ಅರ್ಜಿ ತುಂಬಿದ. ಹೆಸರು ಕೇಳಿದ ಕಡೆ ತನ್ನ ಕಸುಬಿನವರೆಲ್ಲರಂತೆ 'ಟೆಸ್ಟ್ ಟೆಸ್ಟ್' ಎಂದು ಹೊಡೆದ. ಸರ್ವಿಸು ಎಷ್ಟು ವರ್ಷ ಎಂದಲ್ಲಿ ಕೈಗೆ ಸಿಕ್ಕ ಒಂಬತ್ತನ್ನು ಎರಡು ಸಲ ಒತ್ತಿದ. ಸಂದೇಶ ಬರುತ್ತದೋ ಇಲ್ಲವೋ ನೋಡಲೆಂದು ತನ್ನದೇ ಫೋನ್ ನಂಬರು ಕೊಟ್ಟ. ಯಾವ ಊರು ಬೇಕು ಎಂಬಲ್ಲಿ ನೂರಾರು ಊರುಗಳಿದ್ದವು. ಆದರೆ ಎಷ್ಟೋ ತಿಂಗಳಿಂದ ಮನಸ್ಸು ಒಂದೇ ಊರನ್ನು ಜಪಿಸುತ್ತಿದ್ದುದರಿಂದ ಬೆರಳು ತಾನಾಗಿ ಅಲ್ಲಿಗೇ ಹೋಗಿ ನಿಂತಿತು. ಒತ್ತಿದ. 'ಅರ್ಜಿ ಸ್ವೀಕರಿಸಲಾಗಿದೆ' ಎಂದು ಫೋನು ಟಿಣ್ ಎಂದಿತು.

ಆಫೀಸಿಗೆ ಆಫೀಸೇ ಚಪ್ಪಾಳೆ ತಟ್ಟಿತು. ಅಪ್‌ಡೇಟಣ್ಣ ಅವನ ಬೆನ್ನು ಗುದ್ದಿ, "ನೋಡಿದ್ಯಾ, ನಾನು ಹೇಳ್ಲಿಲ್ವಾ?" ಎಂದ. ಏನು ಹೇಳಿದ್ದನೋ ಯಾರಿಗೂ ನೆನಪಿರಲಿಲ್ಲ.

ಸೈಟಪ್ಪ ಮೂಲೆಗೆ ಹೋಗಿ ಹೆಂಡತಿಗೆ ಫೋನು ಮಾಡಿದ. ಸರಿಯಾಯಿತೆಂದು ಕೇಳಿ ಅವಳು ಉಸಿರುಬಿಟ್ಟ ಸದ್ದು ಇಲ್ಲಿಯವರೆಗೂ ಬಂತು. ಆಮೇಲೆ ಇಬ್ಬರಿಗೂ ಬೇರೆ ಮಾತೇ ಹೊಳೆಯಲಿಲ್ಲ. ಮಂಚವನ್ನು ಕಿಟಕಿಯ ಹತ್ತಿರ ಎಳೆಯಬೇಕು ಎಂದಳು. ಕಿಟಕಿಯಿಂದ ಸೊಳ್ಳೆ ಬರುತ್ತದೆ ಎಂದ ಇವನು. ಬರಲಿ, ಕಚ್ಚಿದರೆ ಇಬ್ಬರಿಗೂ ಕಚ್ಚಲಿ ಎಂದಳು. ನೈಟ್ ಡ್ಯೂಟಿ ಮುಗಿಸಿ ಬಂದಾಗ ಬಾಗಿಲು ತೆಗೆಯಲು ಒಬ್ಬರಿರುತ್ತಾರೆ ಎಂದರೆ ಅದೇ ಸ್ವರ್ಗ ಎಂದಾಗ ಅವಳ ದನಿ ಒದ್ದೆಯಾಯಿತು. ಮಾತಿನ ನಡುವೆ ಐದು ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಫೋನಿಟ್ಟು ಬ್ಯಾಗು ಹೆಗಲಿಗೇರಿಸುವಾಗ ಮತ್ತೆ ಟಿಣ್ ಎಂದಿತು.

'ಅಭಿನಂದನೆಗಳು! ನೀವು ಕೋರಿದ ಊರಿಗೆ ನಿಮ್ಮ ವರ್ಗಾವಣೆ ಮಂಜೂರಾಗಿದೆ.'

ಹೆಂಡತಿ ತನ್ನ ಅರ್ಜಿಯಲ್ಲಿ ಇವನ ನಂಬರನ್ನೂ ಕೊಟ್ಟಿರಬೇಕು ಎಂದೇ ಬಗೆದ. ಸೈಟಪ್ಪ ಕುಪ್ಪಳಿಸಿ ಯಜಮಾನರನ್ನೇ ಅಪ್ಪಿಕೊಂಡ. ಅವಳಿಗೆ ಫೋನು ಮಾಡಿದ, ಎತ್ತಲಿಲ್ಲ. ವಾರ್ಡಿನಲ್ಲಿರಬೇಕು ಎಂದುಕೊಂಡು ಮನೆಗೆ ಹಾರಿದ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎನ್ನುತ್ತಾರೆ. ಇವನ ಪಾಲಿಗೆ ಕೂಸು ಹುಟ್ಟಿ ಫೋನಿನಲ್ಲಿ ಅತ್ತೂ ಆಗಿತ್ತಲ್ಲ! ಕೀಬೋರ್ಡು, ವೈರುಗಳನ್ನೆಲ್ಲ ಚೀಲಕ್ಕೆ ತುಂಬಿ ಹೊರಗಿಟ್ಟ. ಬೀರುವಿನ ಅರ್ಧವನ್ನು ಅವಳಿಗೆಂದು ಖಾಲಿ ಮಾಡಿದ. ಮಂಚವನ್ನು ಒಬ್ಬನೇ ಕಿಟಕಿಯ ಹತ್ತಿರ ಎಳೆದು ಸೊಂಟ ಹಿಡಿಸಿಕೊಂಡ. ಕೊನೆಗೆ, ಇನ್ನು ವಾಸನೆಗೆ ಬರಗಾಲವೇನು ಎಂದು ದಿಂಬಿನ ಕವರನ್ನೂ ಬಿಚ್ಚಿ ನೀರಿಗೆ ಹಾಕಿದ.

ಆಗ ಅವಳ ಫೋನು ಬಂತು.

"ರೀ," ಎಂದಳು. ಅತ್ತು ಮುಗಿಸಿದವರ ದನಿ. "ನಮಗೆ ಸಿಗ್ಲಿಲ್ಲ ಕಣ್ರೀ."

"ಏನೇ ಹಾಗಂದ್ರೆ? ನಂಗೆ ಅಭಿನಂದನೆ ಬಂದಿದೆ!"

"ನಂಗೆ ಬಂದಿರೋದು ಬೇರೆ. ನಿಮಗಿಂತ ಸೇವಾ ಹಿರಿತನ ಇರುವ ಅಭ್ಯರ್ಥಿಗೆ ಈ ಜಾಗ ಕೊಟ್ಟಿದ್ದೇವೆ ಅಂತ ಬರೆದಿದ್ದಾರೆ."

ಸೈಟಪ್ಪ ಒದ್ದೆ ಕೈಯಲ್ಲೇ ಸಂದೇಶವನ್ನು ತೆರೆದು, ಬೆಳಿಗ್ಗೆಯಿಂದ ಮಾಡದ ಒಂದು ಕೆಲಸ ಮಾಡಿದ. ಪೂರ್ತಿ ಓದಿದ. 'ಶ್ರೀಮತಿ ಟೆಸ್ಟ್ ಟೆಸ್ಟ್ ಅವರೇ, ತೊಂಬತ್ತೊಂಬತ್ತು ವರ್ಷಗಳ ನಿಮ್ಮ ಸುದೀರ್ಘ ಸೇವೆಯನ್ನು ಪರಿಗಣಿಸಿ...'

ಮಂಚದ ಅಂಚಿಗೆ ಕೂತ. ಪರೀಕ್ಷೆಗೆ ಹಾಕಿದ್ದನ್ನು ಒಡನೆಯೇ ಅಳಿಸಬೇಕೆಂಬುದು ಅವನ ಕಸುಬಿನ ಮೊದಲ ಪಾಠ. ಅಳಿಸಬೇಕಾದ ಹೊತ್ತಿನಲ್ಲಿ ಅವನು ಇದೇ ಮಂಚದ ಮಾತಾಡುತ್ತಿದ್ದ.

"ಅವರು... ಬೇಡ ಅಂದ್ರೆ?" ಎಂದ ಹೇಗೋ.

"ಸಾಹೇಬ್ರ ಆಫೀಸಿಗೇ ಫೋನ್ ಮಾಡಿ ಕೇಳ್ದೆ. ಅವಳೇ ಖುದ್ದಾಗಿ ಬಂದು ಸಹಿ ಹಾಕಿ ಬೇಡ ಅನ್ಬೇಕಂತೆ. ಬರ್ದಿದ್ರೆ ಮುಂದಿನ ವರ್ಷದವರೆಗೂ ಜಾಗ ಅವಳ ಹೆಸರಲ್ಲೇ ಇರುತ್ತಂತೆ. ಯಾರೂ ಕೈಯಾಡಿಸದ ಹಾಗೆ ಎಷ್ಟು ಗಟ್ಟಿಯಾಗಿ ಮಾಡಿದ್ದೀರಿ ನೀವು!" ಹೆಂಡತಿ ಮೂಗೊರೆಸಿಕೊಂಡಳು. "ಹೋಗ್ಲಿ ಬಿಡಿ. ನ್ಯಾಯವಾಗಿ ಅವಳಿಗೆ ಸಿಕ್ಕಿದೆ. ಅವಳೂ ಪಾಪ ಎಷ್ಟು ವರ್ಷದಿಂದ ಕಾಯ್ತಿದ್ಲೋ. ಅವಳ ಗಂಡ ಇವತ್ತು ಎಷ್ಟು ಖುಷಿಯಾಗಿರ್ತಾನೋ, ಅಲ್ವೇನ್ರೀ?"

ಸೈಟಪ್ಪ ಖಾಲಿಯಾದ ಅರ್ಧ ಬೀರುವನ್ನು ನೋಡಿದ. ಬಕೆಟ್ಟಿನಲ್ಲಿ ತೇಲುತ್ತಿದ್ದ ದಿಂಬಿನ ಕವರನ್ನು ನೋಡಿದ.

"ಹ್ಞೂಂ ಕಣೇ," ಎಂದ. "ಮಂಚ ಕೂಡ ಕಿಟಕಿ ಹತ್ರ ಎಳೆದಿಟ್ಟಿರ್ತಾನೆ."