ಅಡುಗೆಮನೆಗೆ ಬಿದ್ದ ಮೊದಲ ಕೋಟ್

ಬಣ್ಣದಣ್ಣನನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯ ಮೊಗಸಾಲೆಯಲ್ಲಿ, ಏಣಿಯ ಮೇಲೆ. ಗೋಡೆಗೆ ಹಸಿರು ಬಳಿಯುತ್ತಿದ್ದ ಆತ, ನಾನು ಕೈ ಚಾಚುವ ಮೊದಲೇ, ತಿರುಗಿಯೂ ನೋಡದೆ ಹೇಳಿದ: “ಮುಟ್ಬೇಡಿ ಮೇಷ್ಟ್ರೇ, ಒಣಗಿಲ್ಲ.” ನಾನು ಮುಟ್ಟಿದೆ. (ಮುಟ್ಟಬೇಡಿ ಎಂದ ಗೋಡೆಯನ್ನು ಮುಟ್ಟದೆ ಹೋದವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.) ಆತ ಏಣಿ ಇಳಿದು ಬಂದು, ನನ್ನ ಹೆಬ್ಬೆಟ್ಟಿನ ಗುರುತಿನ ಮೇಲೆ ಮತ್ತೊಮ್ಮೆ ಬ್ರಷ್ ಆಡಿಸಿ, ಒಂದು ಮಾತೂ ಆಡದೆ ಮೇಲೇರಿದ. ಅಷ್ಟು ಸಂಭಾವಿತ.

ಊರಿನಲ್ಲಿ ಆತನ ಬ್ರಷ್ ಆಡದ ಗೋಡೆ ಕಡಿಮೆ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆತ ಬರೆದ ಹಳದಿ ಬಾತುಕೋಳಿಗಳನ್ನು ನೋಡುತ್ತ ಸೂಜಿಯ ನೋವು ಮರೆತ ಮಕ್ಕಳೆಷ್ಟೋ. ಅದೇ ವಾರ್ಡಿನಲ್ಲಿ ಆತನ ಹೆಂಡತಿ ದಾದಿ. ಊರಿಗೆಲ್ಲ ಆಕೆ ಸಿಸ್ಟರ್ ಆದುದರಿಂದ ನ್ಯಾಯವಾಗಿ ಈತ ಊರಿಗೆಲ್ಲ ಭಾವ ಆಗಬೇಕಿತ್ತು. ಯಾಕೋ ಅಣ್ಣನಾಗಿಯೇ ಉಳಿದ.

ಇಂಥ ಬಣ್ಣದಣ್ಣ ಎಂದೂ ಮುಟ್ಟದ ಗೋಡೆಯೊಂದಿತ್ತು. ಅದು ಅವನದೇ ಮನೆಯ ಅಡುಗೆಮನೆಯದು. ಒಂದು ಕಾಲದಲ್ಲಿ ಅದು ಬಿಳಿಯಾಗಿತ್ತೆಂದು ಕೇಳಿಕೆ. ಒಲೆಯ ಮೇಲ್ಗಡೆ ಎಣ್ಣೆಯ ಜಿಡ್ಡು, ಕಿಟಕಿಯ ಸುತ್ತ ಮಸಿ, ಕಪಾಟು ಸರಿಸಿದ ಕಡೆ ಕಪಾಟಿನದೇ ಆಕಾರದ ಹಳೆಯ ಬಿಳುಪು. ಸಿಸ್ಟರು ಕೇಳಿದಾಗಲೆಲ್ಲ ಈತನದು ಒಂದೇ ಉತ್ತರ: “ಈ ಒಂದು ಕೆಲಸ ಮುಗೀಲಿ, ತಡಿ.”

ಸಿಸ್ಟರ ನಿವೃತ್ತಿಯ ದಿನ ಹತ್ತಿರ ಬಂದಾಗ ಈತನೇ ದೊಡ್ಡ ಮನಸ್ಸು ಮಾಡಿ, “ಏನು ಬೇಕೋ ಕೇಳು” ಎಂದ.

“ಅಡುಗೆಮನೆಗೆ ಬಣ್ಣ. ಅಷ್ಟೇ. ಆವತ್ತು ಸಂಜೆ ವಾರ್ಡಿನೋರೆಲ್ಲ ಮನೆಗೆ ಬರ್ತಾರೆ. ಬಾತುಕೋಳಿ ಬರೆದೋರ ಮನೆ ಹೇಗಿರುತ್ತೋ ಅಂತ ಅವರಿಗೆ ಕುತೂಹಲ. ಈ ಗೋಡೆ ನೋಡಿದ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?”

“ಆಯ್ತು” ಎಂದ. ಮಾರನೆಯ ದಿನ ಬೇಕರಿಯ ಕೆಲಸ ಬಂತು. ಬೇಕರಿ ಮುಗಿಯುವಷ್ಟರಲ್ಲಿ ನಿವೃತ್ತಿಯ ದಿನವೂ ಬಂತು. ಗೋಡೆ ಮಾತ್ರ ಇದ್ದಂತೆಯೇ ಇತ್ತು. ಅಂದು ಬೆಳಿಗ್ಗೆ ಸಿಸ್ಟರು ಕೊನೆಯ ಬಾರಿಗೆ ಸಮವಸ್ತ್ರ ತೊಟ್ಟು, ಗೋಡೆಯನ್ನೊಮ್ಮೆ ನೋಡಿ, ಮಾತಿಲ್ಲದೆ ಕೊಡೆ ತೆಗೆದುಕೊಂಡು ಹೊರಟುಹೋದರು. ಬೈದಿದ್ದರೆ ಆತನಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಆ ಮೌನದಲ್ಲಿ ಬಣ್ಣದಣ್ಣನಿಗೆ ಮಹತ್ತಾದ ಯೋಚನೆಯೊಂದು ಹೊಳೆಯಿತು. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಚಾಕೊಲೇಟಿನಲ್ಲಿ ಅದ್ದಿದ ಹಣ್ಣುಗಳನ್ನು ಆತ ನೋಡಿದ್ದ. ಅದ್ದುವುದು, ಒಣಗಿಸುವುದು: ಇದು ತನ್ನ ಕಸುಬೇ ಅಲ್ಲವೆ! ಅಂಥ ತಟ್ಟೆಯನ್ನು ಅತಿಥಿಗಳ ಮುಂದಿಟ್ಟರೆ ಗೋಡೆಯ ಕಡೆ ಯಾರು ನೋಡುತ್ತಾರೆ?

ದ್ರಾಕ್ಷಿ, ಕಿತ್ತಳೆ, ಸ್ಟ್ರಾಬೆರಿ, ಬಾಳೆಹಣ್ಣು, ಒಂದು ಚೀಲ ಚಾಕೊಲೇಟ್ ಇಷ್ಟನ್ನೂ ಹೊತ್ತು ತಂದ. ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ, ಅಂದರೆ ಸಿಸ್ಟರ ತಾಯಿ. ಅಳಿಯನಿಗೆ ಬಹುವಚನದ ಮರ್ಯಾದೆ ಕೊಟ್ಟೇ ಚುಚ್ಚುವ ಕಲೆ ಅವರಿಗೆ ಸಿದ್ಧಿಸಿತ್ತು.

“ಅಳಿಯಂದಿರು ಗೋಡೆ ಬಿಟ್ಟು ದ್ರಾಕ್ಷಿಗೆ ಬಣ್ಣ ಹೊಡೀತಾರೋ?”

“ನೋಡ್ತಾ ಇರಿ ಅತ್ತೆ. ಮೊದಲು ಮೈ ಒಣಗಿರಬೇಕು. ಹಸಿ ಗೋಡೆಗೆ ಬಣ್ಣ ಕೂರಲ್ಲ” ಎನ್ನುತ್ತ ಆತ ಒಂದೊಂದು ದ್ರಾಕ್ಷಿಯನ್ನೂ ಹತ್ತಿಬಟ್ಟೆಯಿಂದ ಒರೆಸಿದ.

“ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರೆ. ನೀವು ದ್ರಾಕ್ಷಿಗೂ ಉಪಕಾರಿ.”

ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟ್ ಕರಗಿಸಿದ್ದಾಯಿತು. ಇಲ್ಲಿಯವರೆಗೆ ಇತಿಹಾಸ ಆತನನ್ನು ದೂಷಿಸಲಾರದು. ಆದರೆ ಕರಗಿದ ಚಾಕೊಲೇಟ್ ಆತನ ಕಣ್ಣಿಗೆ ತುಸು ಗಟ್ಟಿಯೆನಿಸಿತು. ಎಣ್ಣೆಬಣ್ಣ ಗಟ್ಟಿಯಾದರೆ ತಿನ್ನರ್, ನೀರುಬಣ್ಣ ಗಟ್ಟಿಯಾದರೆ ನೀರು. ಇದು ತಿನ್ನುವ ಪದಾರ್ಥ; ತಿನ್ನರ್ ಹಾಕುವಂತಿಲ್ಲ. ಆದ್ದರಿಂದ ನೀರು. ತರ್ಕದಲ್ಲಿ ಕುಂದಿರಲಿಲ್ಲ.

ಅರ್ಧ ಲೋಟ ನೀರು ಬಿದ್ದದ್ದೇ ತಡ, ರೇಷ್ಮೆಯಂತಿದ್ದ ಚಾಕೊಲೇಟ್ ಗಂಟುಗಂಟಾಗಿ, ಗಾರೆ ಕೆಲಸಕ್ಕೆ ಕಲಸಿಟ್ಟು ಮರೆತ ಸಿಮೆಂಟಿನಂತೆ ಮುದುಡಿ ಕೂತಿತು. ಚಮಚ ನೆಟ್ಟಗೆ ನಿಂತಿತು.

“ಇದನ್ನ ಹಣ್ಣಿಗೆ ಹಚ್ತೀರೋ, ಹಣ್ಣಿಂದ ಮನೆ ಕಟ್ತೀರೋ?”

“ಗಂಟು ಒಡೆಯೋಕೆ ನನ್ನ ಹತ್ರ ಮಿಷನ್ ಇದೆ ಅತ್ತೆ.”

ಬಣ್ಣದ ಡಬ್ಬ ಕಲಸುವ ಡ್ರಿಲ್ಲು ಬಂತು. ಅದಕ್ಕೆ ಇನ್ನೂ ಬಣ್ಣ ಕಾಣದ ಹೊಸ ಕಲಸುವ ಕಡ್ಡಿ ಸಿಕ್ಕಿಸಿ, ಬಟ್ಟಲಿಗೆ ಧಾರಾಳವಾಗಿ ಬಿಸಿನೀರು ಸುರಿದು, ಗುಂಡಿ ಒತ್ತಿದ. ಆ ಡ್ರಿಲ್ಲಿಗೆ ಇಪ್ಪತ್ತು ಲೀಟರಿನ ಡಬ್ಬ ಗೊತ್ತಿತ್ತೇ ಹೊರತು ಪಾಯಸದ ಬಟ್ಟಲು ಗೊತ್ತಿರಲಿಲ್ಲ. ಒಂದೇ ಗಳಿಗೆಯಲ್ಲಿ ಬಟ್ಟಲು ಬರಿದಾಯಿತು. ಗೋಡೆ, ಕಪಾಟು, ಗಡಿಯಾರದ ಮುಳ್ಳು, ಅತ್ತೆಯ ಕನ್ನಡಕ ಎಲ್ಲಕ್ಕೂ ಸಮಪಾಲು ಹಂಚಿಕೆಯಾಯಿತು. ಅತ್ತೆ ಕನ್ನಡಕ ತೆಗೆದು, ಗಾಜನ್ನು ನಾಲಗೆಯಿಂದ ಪರೀಕ್ಷಿಸಿ, “ನೀರು ಜಾಸ್ತಿ” ಎಂದು ತೀರ್ಪಿತ್ತರು.

ಬಣ್ಣದಣ್ಣ ಬಟ್ಟೆಯಿಂದ ಗೋಡೆ ಒರೆಸಿದ. ಒರೆಸಿದಷ್ಟೂ ಕಲೆ ಹರಡಿತು. ಕೊನೆಗೆ ಅದೇ ಬಟ್ಟೆಯನ್ನು ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟ.

“ಅವಳು ಕೇಳಿದ್ದು ಒಂದೇ ಒಂದು, ಅತ್ತೆ. ಅದೂ ಆಗ್ಲಿಲ್ಲ. ಇದೂ ಹೋಯ್ತು.”

ಅತ್ತೆ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡರು. ಬಳಿಕ ತಮ್ಮ ಕೋಣೆಗೆ ಹೋಗಿ, ದಿಂಬಿನಡಿಯಿಂದ ಎರಡು ದೊಡ್ಡ ಚಾಕೊಲೇಟ್ ಹಲಗೆ ತಂದರು. (ಅವು ಬೆಳಗಿನ ಚೀಲದಿಂದಲೇ ಮಾಯವಾಗಿದ್ದವು. ವೈದ್ಯರು ಅವರಿಗೆ ಸಿಹಿ ಮುಟ್ಟಕೂಡದೆಂದಿದ್ದರು. ದಿಂಬಿಗೆ ಹಾಗೆ ಹೇಳಿರಲಿಲ್ಲ.)

“ನನ್ನ ಮಗಳಿಗೆ ಹೇಳಿದ್ರೆ ನೋಡಿ ಮತ್ತೆ. ಏಳಿ. ಈ ಸಲ ನೀರಿನ ಲೋಟ ನನ್ನ ಕೈಲಿರುತ್ತೆ.”

ಈ ಸಲ ಕೆಲಸ ಕೈಗೂಡಿತು. ಹಣ್ಣಿಗೊಂದು ಕಡ್ಡಿ ಚುಚ್ಚಿ ಅದ್ದಿ ಎತ್ತಿದರೆ, ಕಿತ್ತಳೆ ತೊಳೆಯ ನಡುಮಧ್ಯೆ ಗೆರೆ ಎಳೆದಂಥ ಅಂಚು. ಬ್ಯಾಂಕಿನ ಗೋಡೆಯಲ್ಲಿ ಎರಡು ಬಣ್ಣ ಕೂಡುವಲ್ಲಿ ಇರುತ್ತದಲ್ಲ, ಥೇಟ್ ಹಾಗೆ. ಅತ್ತೆಯೂ ಒಂದು ಸಲ ತಲೆದೂಗಿದರು. ತಟ್ಟೆಯನ್ನು ನಡುಮನೆಯ ತಣ್ಣಗಿನ ಮೂಲೆಯಲ್ಲಿಟ್ಟು, ಸಂಜೆಯವರೆಗೂ ಬಣ್ಣದಣ್ಣ ಅದರ ಕಾವಲು ಕಾದ.

ಸಿಸ್ಟರ ಹಿಂದೆಯೇ ವಾರ್ಡಿನವರೆಲ್ಲ ಬಂದರು. ಸಿಸ್ಟರು ಎಲ್ಲರನ್ನೂ ಹೊರಕೋಣೆಯಲ್ಲೇ ಕೂರಿಸಿ, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ತಟ್ಟೆ ಬಂತು. ಮೆಚ್ಚುಗೆಯ ಉದ್ಗಾರಗಳೆದ್ದವು. ಬಣ್ಣದಣ್ಣನ ಎದೆ ಉಬ್ಬಿತು. ಅಷ್ಟರಲ್ಲಿ ಹಿರಿಯ ದಾದಿ ಒಂದು ಸ್ಟ್ರಾಬೆರಿಯನ್ನು ಬೆಳಕಿಗೆ ಹಿಡಿದರು.

“ಇದೇನು, ಇದರ ಮೇಲೆ ಹೆಬ್ಬೆಟ್ಟಿನ ಗುರುತು?”

“ನಂದ್ರಲ್ಲೂ ಇದೆ!” “ನಂದ್ರಲ್ಲೂ!”

ಎಲ್ಲದರಲ್ಲೂ ಇತ್ತು. ಊರಿಗೆಲ್ಲ ‘ಒಣಗಿಲ್ಲ, ಮುಟ್ಬೇಡಿ’ ಎಂದು ಸಾರಿದ ಮಹಾನುಭಾವನು ಒಣಗಿದೆಯೇ ಎಂದು ಒಂದೊಂದನ್ನೂ ಒತ್ತಿ ನೋಡಿದ್ದ.

“ಅದು ನಮ್ಮನೆಯವರ ರುಜು” ಎಂದರು ಸಿಸ್ಟರು, ತಟ್ಟೆ ನೋಡಲು ಬಾಗಿಲು ಬಿಟ್ಟು ಬಂದು, ಮುಖ ಕೆಂಪಾಗಿ. ನಗೆಯ ನಡುವೆ ಹಿರಿಯ ದಾದಿ ಕೈ ತೊಳೆಯಲೆಂದು ಎದ್ದವರು, ಯಾರೂ ತಡೆಯುವ ಮೊದಲೇ ಅಡುಗೆಮನೆಯ ಬಾಗಿಲು ನೂಕಿದರು.

ಸಿಸ್ಟರೂ ಉಳಿದವರೂ ಹಿಂದೆಯೇ ಧಾವಿಸಿದರು. ಅತಿಥಿಗಳು ಮಸಿಗೋಡೆ ನೋಡಿಯಾರೆಂದು ಸಿಸ್ಟರು ಹೆದರಿದ್ದರು. ಕಂಡದ್ದು ಆ ಮಸಿಯ ಮೇಲೆ ಆ ಮೂಲೆಯಿಂದ ಈ ಮೂಲೆಗೆ ಹಾರಿದ್ದ ಕಂದು. ಅವರು ಗೋಡೆ ನೋಡಿದರು, ಡ್ರಿಲ್ಲು ನೋಡಿದರು, ಗಂಡನ ಕಿವಿಯ ಹಿಂದೆ ಒಣಗಿ ಅಂಟಿದ್ದ ಚಾಕೊಲೇಟ್ ನೋಡಿದರು.

“ಹೊಸ ಡಿಸೈನಾ, ಸಿಸ್ಟರ್?” ಎಂದರು ಹಿರಿಯ ದಾದಿ, ಮೆಲ್ಲಗೆ.

“ಅಲ್ಲ ಮೇಡಂ. ನಮ್ಮನೆಯವರು ಕೊನೆಗೂ ಬಣ್ಣ ಶುರು ಮಾಡಿದಾರೆ. ಇದು ಮೊದಲ ಕೋಟ್.” ಸಿಸ್ಟರು ಗಂಡನತ್ತ ತಿರುಗಿದರು. “ಎರಡನೇದು ನಾಳೆ ಬೆಳಿಗ್ಗೆ. ಅಲ್ವೇನ್ರೀ?”

ಇಡೀ ಮಕ್ಕಳ ವಾರ್ಡು ಸಾಕ್ಷಿಯಾಗಿ ನಿಂತಿರಲು ಬಣ್ಣದಣ್ಣ ತಲೆಯಾಡಿಸಿದ.

ಮಾರನೆಯ ದಿನ ಬೆಳಿಗ್ಗೆಯೇ ಏಣಿ ಹಾಕಿದ, ಮಾತಿಗೆ ತಪ್ಪಲಿಲ್ಲ. ಆದರೆ ಸ್ವಂತ ಮನೆಗೆ ಕಲೆ ಮುಚ್ಚುವ ಪ್ರೈಮರ್ ಯಾಕೆ ದಂಡ ಎಂದು ನೇರವಾಗಿ ಬಿಳಿ ಬಳಿದ. ಬಣ್ಣ ಒಣಗಿತು, ಕಂದು ಕಲೆ ಒಳಗಿನಿಂದ ಎದ್ದು ಬಂತು. ಮತ್ತೊಂದು ಕೋಟ್ ಬಳಿದ. ಕಲೆ ಮತ್ತೆ ಎದ್ದಿತು. ಜಿಡ್ಡಿನ ಮೇಲೆ ಬಣ್ಣ ನಿಲ್ಲದೆಂದು ಊರಿಗೆಲ್ಲ ಪಾಠ ಹೇಳಿದ್ದವನೂ ಆತನೇ.

ಈಗ ಬಣ್ಣದಣ್ಣ ಹೊರಗಿನ ಕೆಲಸ ಒಪ್ಪಿಕೊಳ್ಳುತ್ತಿಲ್ಲ. ಇಡೀ ಗೋಡೆಯನ್ನು ಕೆರೆದು ಮೊದಲಿನಿಂದ ಮಾಡುತ್ತಿದ್ದಾನೆ. ಮೊನ್ನೆ ನಾನು ಹೋದಾಗಲೂ ಏಣಿಯ ಮೇಲೆಯೇ ಇದ್ದ. ಕೆಳಗೆ ಕುರ್ಚಿ ಹಾಕಿಕೊಂಡು, ಕಾಫಿ ಕುಡಿಯುತ್ತ ಸಿಸ್ಟರು ಕುಳಿತಿದ್ದರು. ಪಕ್ಕದಲ್ಲಿ ಅತ್ತೆ, ಒರೆಸಿದ ಕನ್ನಡಕದಲ್ಲಿ.

“ಆ ಮೂಲೆ ಇನ್ನೂ ಕಂದಾಗಿದೆ ನೋಡ್ರೀ.”

“ಈ ಒಂದು ಕೋಟ್ ಮುಗೀಲಿ, ತಡಿ.”

“ನಿಧಾನವಾಗಿ ಮಾಡಿ, ಅವಸರ ಏನಿಲ್ಲ. ನಾನು ರಿಟೈರ್ ಆಗಿದೀನಲ್ಲ” ಎಂದ ಸಿಸ್ಟರು, ನಾನು ಗೋಡೆಯತ್ತ ಒಂದು ಹೆಜ್ಜೆ ಇಟ್ಟದ್ದೇ ತಡ, ತಿರುಗಿಯೂ ನೋಡದೆ ಹೇಳಿದರು: “ಮುಟ್ಬೇಡಿ ಮೇಷ್ಟ್ರೇ, ಒಣಗಿಲ್ಲ.”