ಕಾಲು ಸುತ್ತು

ರಗಳೆಯೆಲ್ಲ ಶುರುವಾದದ್ದು ಕಡಲೆಕಾಳಿನಷ್ಟು ದೊಡ್ಡ ಒಂದು ಸ್ಕ್ರೂನಿಂದ. ದೋಣಿಯ ನಡುವೆ, ಮರದ ಪೆಟ್ಟಿಗೆಯೊಳಗೆ ಕೂತಿದ್ದ ಹಳೇ ಪೆಟ್ರೋಲ್ ಎಂಜಿನ್ನಿನ ಕಾರ್ಬ್ಯುರೇಟರಿಗೆ ಅಂಟಿಕೊಂಡಿದ್ದ ಸ್ಲೋ ಸ್ಕ್ರೂ ಅದು. ಬಲಕ್ಕೆ ತಿರುಗಿಸಿದರೆ, ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಜೋರಾಗಿ ಓಡುತ್ತದೆ. ಎಡಕ್ಕೆ ತಿರುಗಿಸಿದರೆ ಮೆತ್ತಗಾಗುತ್ತದೆ. ಇನ್ನೂ ತಿರುಗಿಸಿದರೆ ಉಸಿರೇ ನಿಲ್ಲಿಸುತ್ತದೆ.

ಹೋದ ವಾರ ದೋಣಿ ನಿಲ್ಲಬೇಕಾದಲ್ಲಿ ನಿಲ್ಲದೆ, ಜನ ಹತ್ತಿಳಿಯುವ ದಕ್ಕೆಯ ಒಂದು ಕಂಬವನ್ನೇ ಮುರಿದಿತ್ತು. "ಗುರುವಾರ ನಾಲ್ಕು ಗಂಟೆಗೆ ಬರ್ತೀನಿ. ಸ್ಲೋ ಸರಿಯಾಗಿಲ್ಲ ಅಂದ್ರೆ ದೋಣಿಗೆ ಬೀಗ" ಎಂದು ಇನ್‌ಸ್ಪೆಕ್ಟರ್ ಹೇಳಿ ಹೋಗಿದ್ದರು. ಆ ಗುರುವಾರ ಬಂದೇಬಿಟ್ಟಿತ್ತು.

ದೋಣಿಯವನು ಆರು ಗಂಟೆಗೇ ಬಂದು ಎಂಜಿನ್ ಶುರು ಮಾಡಿ, ಸ್ಕ್ರೂವನ್ನು ಅತ್ತಿತ್ತ ತಿರುಗಿಸಿ, ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಡುವ ಹದಕ್ಕೆ ತಂದ.

"ಏನಪ್ಪಾ, ಹದಕ್ಕೆ ಬಂತಾ?" ದಕ್ಕೆಯ ಮೇಲಿಂದ ಭಾವ ಕೇಳಿದ. ಹೆಂಡತಿಯ ಅಣ್ಣ. ಅವನದೂ ಒಂದು ದೋಣಿ, ಅದೇ ಹೊಳೆ, ಅದೇ ಪ್ರಯಾಣಿಕರು.

"ಬಂತು ಭಾವ" ಎಂದು ದೋಣಿಯವನು ಪೆಟ್ಟಿಗೆಯ ಮುಚ್ಚಳ ಎಳೆದುಕೊಂಡ. ಬೆಳಬೆಳಿಗ್ಗೆ ಇವರಿಗ್ಯಾಕೆ ನನ್ನ ಎಂಜಿನ್ನಿನ ಚಿಂತೆ? ಮನೆಯಲ್ಲಿ ಹಾಲು ಒಡೆದರೂ "ಇವತ್ತು ಯಾರು ಬಂದಿದ್ರು?" ಎಂದು ಕೇಳುವ ಮನುಷ್ಯ ಈ ದೋಣಿಯವನು. ದಕ್ಕೆಯವರು ಅವನಿಗೆ ಪತ್ತೇದಾರ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ.

ಚಹಾ ಕುಡಿದು ಬಂದು ಮೊದಲ ಸಲ ಹೊಳೆ ದಾಟಿಸಿದ. ಆಚೆ ದಡದಲ್ಲಿ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸಿಟ್ಟಿಗೆದ್ದ ಹೋರಿಯಂತೆ ಗುಟುರು ಹಾಕುತ್ತಲೇ ಇತ್ತು. ದೋಣಿ ದಕ್ಕೆಗೆ ಗುದ್ದಿತು. ಪ್ರಯಾಣಿಕರು ಗೋಣಿಚೀಲಗಳ ಹಾಗೆ ಒಬ್ಬರ ಮೇಲೊಬ್ಬರು ಉರುಳಿದರು.

"ನಾನು ಚಹಾ ಕುಡಿಯೋ ಹೊತ್ತಲ್ಲಿ ಯಾರೋ ಕೈಯಾಡಿಸಿದ್ದಾರೆ!" ಎಂದು ಗೊಣಗಿ ಸ್ಕ್ರೂವನ್ನು ಎಡಕ್ಕೆ ತಿರುಗಿಸಿದ. ನ್ಯೂಟ್ರಲ್‌ನಲ್ಲಿ ಎಂಜಿನ್ ಮತ್ತೆ ಬೆಕ್ಕಾಯಿತು. ವಾಪಸು ಬಂದು ಈಚೆ ದಡದ ಹತ್ತಿರ ನಿಧಾನಿಸಿ ಗೇರ್ ಬದಲಿಸಿದನೋ ಇಲ್ಲವೋ, ಬೆಕ್ಕು ಸತ್ತೇಹೋಯಿತು. ದೋಣಿ ಹೊಳೆಯ ಪಾಲಾಗಿ ತೇಲತೊಡಗಿತು. ಹಗ್ಗ ಎಸೆದು ಎಳೆದುಕೊಂಡು ಬಂದವನು ಭಾವ.

"ಹೇಳಿ ಕಳಿಸಿದ್ರೆ ಮೊದಲೇ ಬರ್ತಿದ್ನಲ್ಲೋ" ಎಂದ ಭಾವ ನಗುತ್ತ.

ಅಷ್ಟು ಬೇಗ ಹಗ್ಗ ಸಿದ್ಧವಾಗಿ ಇಟ್ಟುಕೊಂಡಿದ್ದು ಹೇಗೆ? ಪತ್ತೇದಾರನಿಗೆ ಇನ್ನು ಸಾಕ್ಷಿ ಬೇಕಾಗಲಿಲ್ಲ. ಆದರೂ ಕೈಯಾರೆ ಹಿಡಿಯಬೇಕಲ್ಲ! ಸ್ಕ್ರೂವನ್ನು ಮತ್ತೆ ಸರಿಮಾಡಿ, ಹೆಂಡತಿಯ ಉಗುರುಬಣ್ಣ ತಂದು ಸ್ಕ್ರೂವಿನ ತಲೆಯಿಂದ ಕಾರ್ಬ್ಯುರೇಟರಿನ ಮೈವರೆಗೆ ಒಂದು ಕೆಂಪು ಗೆರೆ ಎಳೆದ. ಯಾರಾದರೂ ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ಮುರಿಯಬೇಕು.

ಊಟ ಮುಗಿಸಿ ಬಂದು ನೋಡಿದರೆ ಗೆರೆ ನೆಟ್ಟಗಿದೆ. ಎಂಜಿನ್ ಮಾತ್ರ ನಾಲ್ಕು ಸಲ ಕೆಮ್ಮಿ ಆರಿಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಸ್ಕ್ರೂ ಯಾರೂ ಮುಟ್ಟಿಲ್ಲ ಎಂದುಕೊಳ್ಳುತ್ತಿದ್ದರು. ಅವನು ಸೀದಾ ಟಿಕೆಟ್ ಗೂಡಿಗೆ ನುಗ್ಗಿದ. ಒಳಗೆ ಅವನ ಹೆಂಡತಿಯೇ ಟಿಕೆಟ್ ಹರಿಯುತ್ತಿದ್ದಳು.

"ಆ ಕೆಂಪು ಬಣ್ಣ ಇರೋದು ನಿನ್ನ ಹತ್ರ ಮಾತ್ರ! ಸ್ಕ್ರೂ ತಿರುಗಿಸಿ, ಹಳೇ ಗೆರೆ ಅಳಿಸಿ, ಹೊಸ ಗೆರೆ ಎಳೆದಿದ್ದೀಯ. ಅಣ್ಣ ತಂಗಿ ಸೇರ್ಕೊಂಡು ನನ್ನ ದೋಣಿ ಮುಳುಗಿಸ್ತಿದ್ದೀರಾ?"

"ನನ್ನ ಉಗುರಿಗೆ ಹಚ್ಚೋಕೇ ಪುರುಸೊತ್ತಿಲ್ಲ ರೀ, ನಿಮ್ಮ ಸ್ಕ್ರೂಗೆ ಹಚ್ತೀನಾ?" ಎಂದವಳ ಕಣ್ಣಲ್ಲಿ ನೀರಾಡಿತು. ಭಾವ ಓಡಿಬಂದ. ಮೂವರ ಗಲಾಟೆಗೆ ಮೀನೆಲ್ಲ ಓಡಿಹೋದವೆಂದು, ದಕ್ಕೆಯ ತುದಿಯಲ್ಲಿ ಗಾಳ ಹಾಕಿ ಕೂತಿದ್ದ ಗ್ಯಾರೇಜ್ ತಾತ ಎದ್ದು ಬಂದರು. ನಲವತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ ಕೈ ಅದು.

"ಬೆಳಿಗ್ಗೆ ಸ್ಲೋ ಇಟ್ಟಾಗ ಎಂಜಿನ್ ತಣ್ಣಗಿತ್ತಾ ಬಿಸಿ ಇತ್ತಾ?" ಕೇಳಿದರು ತಾತ.

"ತಣ್ಣಗಿತ್ತು."

"ಬಿಸಿಯಾದ ಮೇಲೆ ಜೋರಾಗದೆ ಇನ್ನೇನಾಗುತ್ತೆ? ಆಮೇಲೆ ನ್ಯೂಟ್ರಲ್‌ನಲ್ಲಿ ಇಳಿಸಿದೆ, ಗೇರ್ ಹಾಕಿ ನೋಡ್ಲಿಲ್ಲ. ಗೇರ್ ಬಿದ್ದು ಭಾರ ಹೆಚ್ಚಿದಾಗ ಆರಿತು. ಊಟದ ಹೊತ್ತಿಗೆ ಮತ್ತೆ ತಣ್ಣಗಾಯ್ತು, ಕೆಮ್ಮಿತು. ಇದರಲ್ಲಿ ಕಳ್ಳ ಎಲ್ಲಿದ್ದಾನಪ್ಪಾ?"

ತಾತ ದೋಣಿಯನ್ನು ದಕ್ಕೆಗೆ ಬಿಗಿಯಾಗಿ ಕಟ್ಟಿಸಿ, ಎಂಜಿನ್ ಚೆನ್ನಾಗಿ ಬಿಸಿ ಮಾಡಿಸಿ, ಗೇರ್ ಹಾಕಿ, ಕೆಂಪು ಗೆರೆ ಉಜ್ಜಿ ತೆಗೆದು ಸ್ಕ್ರೂ ಸರಿಮಾಡಿದರು. ಎಂಜಿನ್ ಅದೆಷ್ಟು ಸಮಾಧಾನವಾಗಿ ಓಡಿತೆಂದರೆ ಅದರ ಮೇಲಿಟ್ಟ ಚಹಾ ಲೋಟ ತುಳುಕಲಿಲ್ಲ.

ದೋಣಿಯವನು ಮುಂದೆ ಬಂದ. ಹೆಂಡತಿಯ ಕೈ ಹಿಡಿದ, ಭಾವನ ಭುಜ ಹಿಡಿದ. "ತಪ್ಪಾಯ್ತು. ಇನ್ಮೇಲೆ ನಿಮ್ಮ ಮೇಲೆ ಅನುಮಾನ ಪಡಲ್ಲ. ಈ ಹೊಳೆ ಮೇಲಾಣೆ!" ಭಾವ ಮೂಗೊರೆಸಿಕೊಂಡ. ತಾತನ ಕಣ್ಣೂ ಒದ್ದೆಯಾಯಿತು. ಎಂಜಿನ್ ಬಿಸಿಯಾಗಿಯೇ ಓಡುತ್ತಿರಲೆಂದು ಬಿಟ್ಟು, ದೋಣಿಯವನು ಇಸ್ತ್ರಿ ಅಂಗಿ ಹಾಕಿಕೊಂಡು ಬರಲು ಹಗುರ ಮನಸ್ಸಿನಿಂದ ಮನೆಗೆ ಹೋದ.

ನಾಲ್ಕಕ್ಕೆ ಅವನು ಮರಳಿದಾಗ ಯಾರೋ ಎಂಜಿನ್ ಆರಿಸಿದ್ದರು. "ಪೆಟ್ರೋಲ್ ಉಳೀಲಿ ಅಂತ" ಎಂದ ಭಾವ, ಅವನ ಮುಖ ನೋಡದೆ. ಇನ್‌ಸ್ಪೆಕ್ಟರ್ ಒಂದು ಕಾಲು ದಕ್ಕೆಯ ಮೇಲೆ, ಒಂದು ಕಾಲು ದೋಣಿಯಲ್ಲಿಟ್ಟು, "ಶುರು ಮಾಡು" ಎಂದರು. ಎಂಜಿನ್ ಭೋರ್ಗರೆಯಿತು. ದೋಣಿಯವನು ಗಾಬರಿಯಲ್ಲಿ ಗೇರ್ ಎಳೆದುಬಿಟ್ಟ. ದೋಣಿ ಹಗ್ಗ ಕಿತ್ತುಕೊಂಡು ನೆಗೆಯಿತು. ಇನ್‌ಸ್ಪೆಕ್ಟರರ ಎರಡು ಕಾಲುಗಳೂ ತಮ್ಮ ತಮ್ಮ ದಾರಿ ಹಿಡಿದವು. ನಡುವೆ ಇದ್ದದ್ದು ನೀರು.

ಸೊಂಟಮಟ್ಟದ ನೀರಲ್ಲಿ ನಿಂತೇ ಅವರು ಗುಡುಗಿದರು: "ಯಾರಯ್ಯಾ ಸ್ಕ್ರೂ ಮುಟ್ಟಿದ್ದು?"

ದೋಣಿಯವನು ದಕ್ಕೆಯತ್ತ ನೋಡಿದ. ಹೆಂಡತಿಯ ಹೆಬ್ಬೆರಳು ಎಂಜಿನ್ ಮಸಿಯಿಂದ ಕಪ್ಪಾಗಿತ್ತು. ಭಾವ ಮೂಗು ಕೆರೆದುಕೊಂಡ, ಮೂಗಿನ ತುದಿಗೆ ಮಸಿ ಮೆತ್ತಿತು. ತಾತ ಕೈ ಬೆನ್ನ ಹಿಂದೆ ಕಟ್ಟಿ ಹಕ್ಕಿಗಳನ್ನು ನೋಡುತ್ತಿದ್ದರು.

ಆಣೆ ಹಾಕಿ ಇನ್ನೂ ಒಂದು ಗಂಟೆ ಆಗಿರಲಿಲ್ಲ.

"ಯಾರೂ ಇಲ್ಲ ಸಾರ್. ನಾನೇ" ಎಂದ.

"ಚಾಲಕನಿಗೆ ಎಂಜಿನ್ನಿನ ಗಂಧಗಾಳಿ ಇಲ್ಲ. ಮೂರು ತಿಂಗಳು ದೋಣಿ ಬಂದ್" ಎಂದು ಒದ್ದೆ ಕಾಗದದಲ್ಲಿ ಬರೆದುಕೊಟ್ಟು ಇನ್‌ಸ್ಪೆಕ್ಟರ್ ಹೊರಟುಹೋದರು.

"ಅವರ ಮುಂದೆ ಆರಿಹೋಗದೇ ಇರ್ಲಿ ಅಂತ ನಾನು ಒಂದೇ ಒಂದು ಕಾಲು ಸುತ್ತು ಜಾಸ್ತಿ ಮಾಡ್ದೆ ರೀ" ಎಂದು ಹೆಂಡತಿ ಅತ್ತಳು.

"ಅಯ್ಯೋ, ನೀನೂನಾ? ನಾನೂ ಕಾಲೇ ಸುತ್ತಮ್ಮ" ಎಂದರು ತಾತ.

ಭಾವ ದೋಣಿಯವನ ಹೆಗಲ ಮೇಲೆ ಕೈಹಾಕಿದ. "ನಾನೂ ಒಂಚೂರು ತಿರುಗಿಸಿದ್ದೆ ಕಣೋ, ನಿನ್ನ ಒಳ್ಳೇದಕ್ಕೇ. ಬೇಜಾರು ಮಾಡ್ಕೋಬೇಡ. ನನ್ನ ದೋಣೀಲಿ ಹಗ್ಗ ಎಸೆಯೋಕೆ ಒಬ್ಬರು ಬೇಕಿತ್ತು, ನಾಳೆಯಿಂದ ಬಂದುಬಿಡು. ನಿನ್ನ ಪ್ರಯಾಣಿಕರೂ ಬರ್ತಾರಲ್ಲ, ಕೆಲಸ ಜಾಸ್ತಿ."

ದೋಣಿಯವನು ಭಾವನ ಮುಖ ನೋಡಿದ. "ಒಂಚೂರು ಅಂದ್ರೆ ಎಷ್ಟು?" ಎಂದು ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಕೇಳಿದ:

"ಎಷ್ಟು ಗಂಟೆಗೆ ಬರ್ಲಿ, ಭಾವ?"