ಮುತ್ತಜ್ಜನ ರೈಫಲ್ಲಿನ ನಂಬರು

ಕೆಟ್ಟದ್ದೆಲ್ಲ ಶುರುವಾದದ್ದು ಪಕ್ಕದ ಮನೆಯ ವರ್ನಾಳ ಉಪಕಾರದಿಂದ. ಊರಿನ ಮ್ಯೂಸಿಯಮ್ಮಿಗೆ ಹೊರಡಲು ಹಾರ್ಲನ್ ಸ್ಟಕಿ ಟೈ ಕಟ್ಟಿಕೊಂಡು ಬರುವಷ್ಟರಲ್ಲಿ ಅವಳು ಅವನ ಮುತ್ತಜ್ಜ ಐರಾನ ರೈಫಲ್ಲನ್ನು ಮೇಜಿನ ಮೇಲೆ ಮಲಗಿಸಿ, ಸೀಮೆಎಣ್ಣೆ ಹಾಕಿ, ಪಾತ್ರೆ ಬೆಳಗಿದಂತೆ ಬೆಳಗಿಬಿಟ್ಟಿದ್ದಳು.

"ಅಯ್ಯೋ, ಏನಮ್ಮ ಇದು! ಹಳೇ ಬಂದೂಕಿಗೆ ಆ ಕಂದು ಬಣ್ಣವೇ ಮರ್ಯಾದೆ!"

"ಮ್ಯೂಸಿಯಮ್ಮಿಗೆ ಕೊಳಕು ಸಾಮಾನು ಕೊಡ್ತಾರಾ? ನೋಡಿಲ್ಲಿ, ಯಾರೋ ಬಳಿದಿದ್ದ ಕರಿ ಬಣ್ಣದಡಿ ನಂಬರು ಬೇರೆ ಇತ್ತು."

ಕ್ಯಾನ್ಸಸ್ಸಿನ ಎಲ್ಲರೂ ಕೆಳಗಿನ ಸನ್ನೆ ಎಳೆದು ಗುಂಡು ತುಂಬುವ ಲಿವರ್ ರೈಫಲ್ ಹಿಡಿದಿದ್ದ ಕಾಲದಲ್ಲಿ, ಮುಂದಿನ ಮರದ ಹಿಡಿಯನ್ನು ಹಿಂದೆಳೆದು ಮುಂದೆ ತಳ್ಳಿದರೆ ಗುಂಡು ತುಂಬಿಕೊಳ್ಳುತ್ತಿದ್ದ ಪಂಪ್ ರೈಫಲ್ ಅದು. 1889ರಲ್ಲಿ ಮುಸುಕಿನ ಕಳ್ಳನೊಬ್ಬ ಟಪಾಲು ಗಾಡಿ ದೋಚಿದಾಗ ಐರಾ ಇದನ್ನೇ ಹಿಡಿದು ಅವನನ್ನು ಬೆನ್ನಟ್ಟಿದನೆಂದು ಮನೆಯವರ ಮಾತು. ಕಳ್ಳ ಸಿಕ್ಕಲಿಲ್ಲ, ಊರು ನಂಬಲೂ ಇಲ್ಲ. ಮೂರು ತಲೆಮಾರು ಸ್ಟಕಿ ಮನೆಯವರನ್ನು ಬುರುಡೆದಾಸರೆಂದೇ ಕರೆದು ನಗುತ್ತ ಬಂದಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಮುತ್ತಜ್ಜನ ಹೆಸರು ಬಿದ್ದರೆ ಆ ನಗು ನಿಲ್ಲುತ್ತದೆ. ಹಾರ್ಲನ್‌ಗೆ ಬೇಕಾದದ್ದು ಅಷ್ಟೇ.

ವರ್ನಾಳ ಬಾಯಿಂದಾಗಿ ಅರ್ಧ ಬೀದಿಯೇ ಅವನ ಹಿಂದೆ ಮ್ಯೂಸಿಯಮ್ಮಿಗೆ ಬಂತು.

"ಏನಯ್ಯಾ, ಐರಾ ಕಳ್ಳನ್ನ ಓಡಿಸಿದ್ನೋ, ಕಳ್ಳ ಐರಾನ್ನ ಓಡಿಸಿದ್ನೋ?" ಎಂದ ಕ್ಷೌರದಂಗಡಿಯ ಡ್ವೈಟ್.

ಹಾರ್ಲನ್‌ಗೆ ರೇಗಿತು. ಅದೇ ಸಿಟ್ಟಿನಲ್ಲಿ ದಾನಪತ್ರಕ್ಕೆ ಸಹಿ ಗೀಚಿ, ಮೇಲ್ವಿಚಾರಕಿ ಮಿಸೆಸ್ ಪ್ರೂಯಿಟ್ ಮುಂದೆ ತಳ್ಳಿದ.

"ನಂಬರು ಇದೆಯಲ್ಲ ಮೇಡಂ, ತಯಾರಿಸಿದ ಕಂಪನಿಗೇ ಕೇಳಿ. ಯಾವ ರೈಫಲ್ ಯಾರ ಕೈಗೆ ಹೋಯ್ತು ಅಂತ ಅವರ ಹಳೇ ಪುಸ್ತಕದಲ್ಲಿ ಇರುತ್ತೆ. ಎಲ್ಲರೂ ಕೇಳೋ ಹಾಗೆ ಕೇಳಿ!"

ಆಕೆ ಫೋನಿನ ಸ್ಪೀಕರ್ ಹಾಕಿದಳು. ಕಂಪನಿಯಲ್ಲಿ ದಾಖಲೆ ನೋಡುವವನು ಪುಟ ತಿರುವುವ ಸದ್ದು ಎಲ್ಲರಿಗೂ ಕೇಳಿಸಿತು.

"ಸಿಕ್ತು ಮೇಡಂ. 1887ರಲ್ಲಿ ನಿಮ್ಮೂರಿನ ಟಪಾಲು ಗಾಡಿಯ ಕಾವಲುಗಾರನಿಗೆ ಕಳಿಸಿದ್ದು. ಪಕ್ಕದಲ್ಲಿ ಆಮೇಲೆ ಬರೆದಿದ್ದಾರೆ: '1889ರ ದರೋಡೆಯಲ್ಲಿ ಮುಸುಕಿನವನು ಕಿತ್ತುಕೊಂಡು ಹೋದ. ಬದಲಿಗೆ ಹೊಸದು ಕಳಿಸಿದೆ.'"

ಹಾರ್ಲನ್‌ಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಆ ಪತ್ರ ವಾಪಸ್ ಕೊಡಿ ಮೇಡಂ," ಎಂದ, ಸಣ್ಣ ದನಿಯಲ್ಲಿ.

"ಸಹಿ ಆಗೋಯ್ತಲ್ಲ ಮಿಸ್ಟರ್ ಸ್ಟಕಿ! ಇಂಥ ವಸ್ತು ಇಡೀ ಜಿಲ್ಲೇಲಿಲ್ಲ. ಬಾಗಿಲಿಗೆ ಎದುರಾಗೇ ಇಡ್ತೀವಿ. ಐರಾ ಅವರ ಹೆಸರು ದಪ್ಪ ಅಕ್ಷರದಲ್ಲಿ!"

ಡ್ವೈಟ್ ಟೋಪಿ ತೆಗೆದು ಎದೆಗೊತ್ತಿಕೊಂಡ.

"ತಪ್ಪಾಯ್ತಪ್ಪ ಹಾರ್ಲನ್. ಇಷ್ಟು ವರ್ಷ ಸುಮ್ಸುಮ್ನೆ ನಕ್ಕಿದ್ವಿ. ಅವತ್ತು ಐರಾ ಅಲ್ಲಿದ್ದದ್ದು ನಿಜಾನೇ."